ಹಳೆ ಬಟ್ಟೆ ಅಂಗಡಿಯಲ್ಲಿ ಮನೆ ಪ್ಲಾನ್: ವಿಜಯಪುರದ ಒಂದು ಡಿಸೈನ್ ಕಚೇರಿ

ಮಾವನವರ ಕಿರಾಣಿ ಅಂಗಡಿ ಬಾಗಿಲು ಹಾಕಿ ಬಹಳ ಕಾಲವಾಯಿತು. ಕೆಡವಿ ಹೊಸದು ಕಟ್ಟಿಸಿ ಅಂತ ಮನೆಯಲ್ಲಿ ಎಲ್ಲರದೂ ಒಂದೇ ಮಾತು. ಪ್ಲಾನ್ ಕೇಳಲು ಗಾಂಧಿ ಚೌಕದ ಕಡೆಯ ಈ ಆಫೀಸಿಗೆ ಹೋದೆ.

ಇದೂ ಮೊದಲು ಖಾಲಿ ಬಿದ್ದಿದ್ದ ಬಟ್ಟೆ ಅಂಗಡಿ. ಇವರು ಗೋಡೆ, ಸ್ಲ್ಯಾಬ್ ಯಾವುದನ್ನೂ ಕೆಡವಿಲ್ಲ. ನೆಲದ ಶಾಬಾದಿ ಫರಸಿಯನ್ನೇ ಉಜ್ಜಿ ಇಟ್ಟುಕೊಂಡಿದ್ದಾರೆ. ಬಟ್ಟೆ ಹರಿಯುತ್ತಿದ್ದ ಉದ್ದನೆ ಸಾಗವಾನಿ ಕೌಂಟರ್ ಮೇಲೆ ಈಗ ಪ್ಲಾನ್ ಹಾಳೆ ಹರಡುತ್ತಾರೆ. ಅಳತೆಗೆಂದು ಅಂಚಿಗೆ ಬಡಿದ ಹಿತ್ತಾಳೆ ಪಟ್ಟಿ ಹಾಗೇ ಇದೆ, ಕೈ ತಾಗಿ ತಾಗಿ ನಡುವೆ ಸವೆದಿದೆ. ನನಗೆ ತುಂಬಾ ಹಿಡಿಸಿದ್ದು ಅದು.

ಅಂಗಡಿ ಅಂದರೆ ಮುಂದೆ ಮಾತ್ರ ಬಾಯಿ, ಹಿಂದೆ ಕತ್ತಲೆ, ಸೆಕೆ. ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ಅಲ್ಲಿ ಕೂರೋದು ಹೇಗೆ? ಹಿಂದಿನ ಗೋಡೆಯಲ್ಲಿ ಸ್ಲ್ಯಾಬ್ ಕೆಳಗೇ ಕಿಟಕಿ ತೆಗೆದಿದ್ದಾರೆ. ಮೇಲೇರಿದ ಬಿಸಿ ಗಾಳಿ ಅಲ್ಲಿಂದ ಹೋಗುತ್ತದೆ, ಮುಂದಿನಿಂದ ಹೊಸ ಗಾಳಿ ಬರುತ್ತದೆ. ಪಡುವಣ ಗಾಜಿಗೆ ಬಿದಿರಿನ ತಟ್ಟಿಯನ್ನು ಹೊರಗಡೆ ಕಟ್ಟಿದ್ದಾರೆ. ಒಳಗೆ ಪರದೆ ಹಾಕಿದರೆ ಬಿಸಿಲು ಆಗಲೇ ಒಳಗೆ ಬಂದಿರುತ್ತದೆ, ಅಲ್ವಾ? ಮಾಳಿಗೆ ಮೇಲೆ ಬಿಳಿ ಟೈಲ್ ಚೂರು. ಎಸಿ ಇಲ್ಲ, ಫ್ಯಾನ್ ಸಾಕಾಗುತ್ತದೆ.

ಮಾಳಿಗೆ ನೀರು ತೊಟ್ಟಿಗೆ ಹೋಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. 100 ಚದರ ಮೀಟರ್ ಮಾಳಿಗೆಗೆ ಅದು 60 ಸಾವಿರ ಲೀಟರ್. ಒಂದಿಷ್ಟು ಆರಿ ಹೋದರೂ ಕಡಿಮೆಯೇನಲ್ಲ. 1620ರಲ್ಲೇ ತಾಜ್ ಬಾವಡಿಯಂಥ ದೊಡ್ಡ ಬಾವಿ ಕಟ್ಟಿದ ಊರಿನಲ್ಲಿ ನಾವು ಟ್ಯಾಂಕರ್ ಕಾಯುತ್ತೇವೆ ಅನ್ನೋದು ನನಗೆ ನಿಜಕ್ಕೂ ಬೇಸರದ ವಿಷಯ.

ಶೋಕೇಸ್ ಇದ್ದ ಮುಂದಿನ ಹಾಲ್ ಸಂಜೆ ಓಣಿಯವರಿಗೆ. ಹುಡುಗರು ಓದಲು ಬರುತ್ತಾರೆ, ಸಂಘದ ಹೆಣ್ಣುಮಕ್ಕಳು ಲೆಕ್ಕ ಬರೆಯುತ್ತಾರೆ. ಬಾಡಿಗೆ ಇಲ್ಲ.

ನನ್ನ ಕೆಲಸದ ಮಾತು. "ಕೆಡವಬ್ಯಾಡ್ರಿ ಅಕ್ಕಾರ, ಮೊದಲ ಗಟ್ಟಿ ಐತೇನ ನೋಡೋಣ್ರಿ" ಅಂದರು ಆರ್ಕಿಟೆಕ್ಟ್ ಹುಡುಗಿ. ಗೌಂಡಿಯನ್ನು ಕರೆದುಕೊಂಡು ಬಂದು ನಮ್ಮ ಅಂಗಡಿಯ ಸ್ಲ್ಯಾಬ್ ಬಡಿದು ನೋಡಿದರು. ಕಬ್ಬಿಣ ತುಕ್ಕು ಹಿಡಿದದ್ದು ಒಂದು ಮೂಲೆಯಲ್ಲಿ ಮಾತ್ರ. ಅಷ್ಟನ್ನೇ ರಿಪೇರಿ ಮಾಡಿದರೆ ಸಾಕಂತೆ. ಜಗತ್ತಿನಲ್ಲಿ ಮನುಷ್ಯರು ಬಿಡುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇ 7–8ರಷ್ಟು ಸಿಮೆಂಟಿನಿಂದಲೇ ಬರುತ್ತದೆ. ಗಟ್ಟಿ ಗೋಡೆಯನ್ನು ಸುಮ್ನೆ ಯಾಕೆ ಒಡೆಯಬೇಕು? ಹೊಸ ಕಟ್ಟಡದ ಪ್ಲಾನ್ ಹಾಕಿಕೊಟ್ಟಿದ್ದರೆ ಅವರಿಗೆ ಫೀ ಜಾಸ್ತಿ ಸಿಗುತ್ತಿತ್ತು. ಆದರೂ ಹೀಗೆ ಹೇಳಿದರು.

ಕೊರತೆಯೂ ಇದೆ. ಸಂಜೆ ಹಾಲ್‌ನ ಗದ್ದಲದಲ್ಲಿ ಖರ್ಚಿನ ಮಾತು ಆಡಲು ಆಗುವುದಿಲ್ಲ. ಶೌಚಾಲಯ ಅಟ್ಟದ ಮೇಲಿದೆ, ಮೆಟ್ಟಿಲು ಕಡಿದು. ಮೊಣಕಾಲು ನೋವಿನ ಅತ್ತೆಯವರಿಗೆ ಕಷ್ಟವಾಯಿತು. ಕೆಳಗೆ ಒಂದು ಮಾಡಲೇಬೇಕು, ಹೇಳಿ ಬಂದಿದ್ದೇನೆ. ಪ್ಲಾನ್ ಕೆಲಸವಿದ್ದವರು ಬೆಳಿಗ್ಗೆಯೇ ಹೋಗಿ. ಹೋಗುವಾಗ ಹಳೆ ಕಟ್ಟಡದ ಫೋಟೋ, ಉತಾರ (ಆಸ್ತಿಯ ದಾಖಲೆ) ಎರಡೂ ಜೊತೆಗಿರಲಿ.