ಕ್ಯಾಲೊರಿ ಲೆಕ್ಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ: ಮಲೆನಾಡಿನ ಮನೆಯೊಂದರ ದೀರ್ಘಕಾಲದ ಬಳಕೆಯ ನಂತರ

ಐದು ಕಿಲೋ ತನಕ ತೂಗುವ, ಒಂದೊಂದು ಗ್ರಾಂನಂತೆ ಅಂಕಿ ಏರಿಸುವ ಸಾಧಾರಣ ಡಿಜಿಟಲ್ ತಕ್ಕಡಿಯೊಂದು ಕೆಲವು ವರ್ಷಗಳಿಂದ ಶಿವಮೊಗ್ಗದ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿದೆ. ಗಾಂಧಿ ಬಜಾರಿನ ಪಾತ್ರೆ ಅಂಗಡಿಯೊಂದರಲ್ಲಿ ಕೊಂಡದ್ದು. ಇದೇ ಬಗೆಯ ಯಂತ್ರ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುವುದರಿಂದ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ತಿನ್ನುವ ಅನ್ನದ, ಎಣ್ಣೆಯ, ತೆಂಗಿನ ಕ್ಯಾಲೊರಿಯನ್ನು ಲೆಕ್ಕವಿಡಲು ಹೊರಟವರಿಗೆ ಇಂಥದ್ದೊಂದು ತಕ್ಕಡಿ ಎಷ್ಟರ ಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟೇ ಈ ಬರಹದ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೊಟ್ಟ ಹಣಕ್ಕೆ ಮೋಸವಿಲ್ಲ, ಆದರೆ ಒಂದೇ ಪಾತ್ರೆಯಲ್ಲಿ ಇಡೀ ಮನೆಗೆ ಬೇಯಿಸಿ ಬಡಿಸುವ ನಮ್ಮಂಥ ಮನೆಗಳಲ್ಲಿ ಈ ಯಂತ್ರ ಊಟದ ತಟ್ಟೆಯ ಕೆಳಗಿರುವುದಕ್ಕಿಂತ ಒಲೆಯ ಪಕ್ಕದಲ್ಲಿದ್ದಾಗ ಹೆಚ್ಚು ನಿಜ ಹೇಳುತ್ತದೆ.

ಪಾವು, ಸೌಟು, ಬಟ್ಟಲು, ಹಿಡಿ ಇವೆಲ್ಲ ಅಡುಗೆ ಕೆಡದಂತೆ ನೋಡಿಕೊಳ್ಳಲು ಸಾಕಾಗುವ ಅಳತೆಗಳು, ಕ್ಯಾಲೊರಿಗೆ ಸಾಲುವುದಿಲ್ಲ. ಅಕ್ಕಿಹಿಟ್ಟನ್ನು ಬಟ್ಟಲಿಗೆ ಸಡಿಲವಾಗಿ ಉದುರಿಸಿದರೆ ಒಂದು ತೂಕ, ಕುಟ್ಟಿ ತುಂಬಿದರೆ ಬೇರೆಯೇ ತೂಕ. ಎಣ್ಣೆಯ ವಿಷಯದಲ್ಲಂತೂ ಈ ವ್ಯತ್ಯಾಸ ದುಬಾರಿ. ಪುಸ್ತಕದ ಪ್ರಕಾರ ಒಂದು ದೊಡ್ಡ ಚಮಚವೆಂದರೆ 15 ಮಿಲಿಲೀಟರ್, ಅಂದರೆ ಸುಮಾರು 14 ಗ್ರಾಂ ಎಣ್ಣೆ, ಅಂದರೆ ಸುಮಾರು 125 ಕ್ಯಾಲೊರಿ. ಆದರೆ ನಮ್ಮ ಸ್ಟೀಲ್ ಚಮಚಗಳನ್ನು ಯಾರೂ 15 ಮಿಲಿಲೀಟರಿಗೆಂದು ಅಳೆದು ಮಾಡಿರುವುದಿಲ್ಲ, ಒಗ್ಗರಣೆಗೆ ಚಮಚ ಬಳಸುವವರೂ ಕಡಿಮೆ. ಎಣ್ಣೆ ಬಾಟಲಿಯಿಂದ ನೇರವಾಗಿ ಬಾಣಲೆಗೆ ಬೀಳುತ್ತದೆ. ಹಿಟ್ಟು, ಬೇಳೆ, ಸಕ್ಕರೆಗಳು ಗ್ರಾಂಗೆ ಸುಮಾರು ನಾಲ್ಕು ಕ್ಯಾಲೊರಿಯ ಆಸುಪಾಸಿನಲ್ಲಿದ್ದರೆ ಎಣ್ಣೆ, ತುಪ್ಪ ಒಂಬತ್ತರ ಹತ್ತಿರ ಇವೆ. ಹೀಗಾಗಿ ಸೌತೆಕಾಯಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಎಣ್ಣೆಯನ್ನು ಕಣ್ಣಳತೆಗೆ ಬಿಟ್ಟವರ ಲೆಕ್ಕಪುಸ್ತಕ ನೋಡಲು ಚೆಂದ, ಉಪಯೋಗ ಕಡಿಮೆ.

ಅನ್ನದ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮೊಬೈಲ್ ಆಪ್‌ಗಳನ್ನು ನಂಬಿದವರು ಹೆಚ್ಚು ಎಡವುವುದು ಇಲ್ಲಿಯೇ. ಪಾಲಿಶ್ ಮಾಡಿದ ಅಕ್ಕಿ 100 ಗ್ರಾಂಗೆ ಸುಮಾರು 355 ಕ್ಯಾಲೊರಿ ಕೊಡುತ್ತದೆ. 300 ಗ್ರಾಂ ಅಕ್ಕಿ ಬೇಯಿಸಿದರೆ ಪಾತ್ರೆಯಲ್ಲಿರುವುದು ಸುಮಾರು 1,065 ಕ್ಯಾಲೊರಿ. ನೀರು ಎಷ್ಟೇ ಹಾಕಿದರೂ ಅದು ಬದಲಾಗದು. ಉದುರುದುರಾಗಿ ಮಾಡಿದಾಗ ಆ ಅನ್ನ 850 ಗ್ರಾಂ ತೂಗಿತು ಎಂದಿಟ್ಟುಕೊಳ್ಳಿ, ಆಗ 200 ಗ್ರಾಂ ಅನ್ನದಲ್ಲಿ 250 ಕ್ಯಾಲೊರಿ ಇರುತ್ತದೆ. ಹಿರಿಯರಿಗೆಂದು ಮೆತ್ತಗೆ ಬೇಯಿಸಿ ಅದೇ ಅಕ್ಕಿ ಒಂದು ಕಿಲೋ ಅನ್ನವಾದರೆ, ಅದೇ 200 ಗ್ರಾಂನಲ್ಲಿ 213 ಕ್ಯಾಲೊರಿ ಮಾತ್ರ. ತಟ್ಟೆಯಲ್ಲಿನ ಅನ್ನವನ್ನು ತೂಗಿ ಆಪ್‌ನಲ್ಲಿರುವ ‘ಬೇಯಿಸಿದ ಅನ್ನ’ ಎಂಬ ಸಾಲಿನೊಂದಿಗೆ ಗುಣಿಸುವವರು ವಾಸ್ತವದಲ್ಲಿ ಬೇರೊಬ್ಬರ ಅಡುಗೆಮನೆಯ ನೀರನ್ನು ಲೆಕ್ಕ ಹಾಕುತ್ತಿರುತ್ತಾರೆ. ಗಂಜಿ ಬಸಿಯುವ ಮನೆಯಾದರೆ ಒಂದಷ್ಟು ಪಿಷ್ಟ ಗಂಜಿಯ ಜೊತೆಗೇ ಹೋಗುವುದರಿಂದ ಲೆಕ್ಕ ಇನ್ನಷ್ಟು ಸಡಿಲಾಗುತ್ತದೆ. ಆ ಗಂಜಿಯನ್ನು ಉಪ್ಪು ಹಾಕಿಕೊಂಡು ಕುಡಿಯುವವರಿಗೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಆದ್ದರಿಂದ ನಮ್ಮಲ್ಲಿ ಉಳಿದುಕೊಂಡ ಕ್ರಮ ಇದು: ಒಣ ಪದಾರ್ಥವನ್ನು ಬೇಯಿಸುವ ಮುನ್ನ ತೂಗುವುದು, ಬೆಂದ ಮೇಲೆ ಇಡೀ ಪಾತ್ರೆಯನ್ನು ತೂಗುವುದು, ಖಾಲಿ ಪಾತ್ರೆಯ ತೂಕ ಕಳೆಯುವುದು. ಬಳಸುವ ಪಾತ್ರೆಗಳ ಖಾಲಿ ತೂಕವನ್ನು ಒಂದು ಸಲ ತೂಗಿ ಮಸಾಲೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದ ಚೀಟಿಯಲ್ಲಿ ಬರೆದಿಟ್ಟರೆ ದಿನವೂ ಮಾಡುವ ಕೆಲಸ ಅರ್ಧಕ್ಕಿಳಿಯುತ್ತದೆ. ಕಡುಬಿಗೆ ಈ ಕ್ರಮ ಬಹಳ ಚೆನ್ನಾಗಿ ಹೊಂದುತ್ತದೆ. ಅರ್ಧ ಕಿಲೋ ಅಕ್ಕಿ ತರಿಯಲ್ಲಿ ಸುಮಾರು 1,775 ಕ್ಯಾಲೊರಿ ಇರುತ್ತದೆ. ಹಬೆಯಿಂದ ಇಳಿಸಿದ ಎಲ್ಲ ಕಡುಬುಗಳೂ ಸೇರಿ 1,400 ಗ್ರಾಂ ತೂಗಿದರೆ ಗ್ರಾಂಗೆ 1.27 ಕ್ಯಾಲೊರಿ, 70 ಗ್ರಾಂನ ಒಂದು ಕಡುಬಿಗೆ 89. ಅಕ್ಕಿರೊಟ್ಟಿಗೆ ಪ್ರತಿ ರೊಟ್ಟಿಯನ್ನೂ ತೂಗುವುದು ವ್ಯರ್ಥ ಶ್ರಮ, ಏಕೆಂದರೆ ಕಾವಲಿಯ ಮೇಲೆ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ಅದರ ನೀರು ಏರಿಳಿಯುತ್ತದೆ. ಹಿಟ್ಟಿನ ಮತ್ತು ಕಲಸಲು ಬಳಸಿದ ಅನ್ನದ ಒಟ್ಟು ಲೆಕ್ಕವನ್ನು ರೊಟ್ಟಿಗಳ ಸಂಖ್ಯೆಯಿಂದ ಭಾಗಿಸಿದರೆ ಸಾಕು.

ಎಣ್ಣೆಗೆ ಈ ಯಂತ್ರದ ಅತ್ಯಂತ ಉಪಯುಕ್ತ ಗುಣ ಮೈನಸ್ ಅಂಕಿ ತೋರಿಸುವುದು. ಎಣ್ಣೆಯ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಟೇರ್ ಗುಂಡಿ ಒತ್ತಿ ಸೊನ್ನೆ ಮಾಡಿ, ಬಾಣಲೆಗೆ ಬೇಕಾದಷ್ಟು ಸುರಿದು ಬಾಟಲಿಯನ್ನು ಮರಳಿ ಇಟ್ಟರೆ ಮೈನಸ್ 12 ಎಂದೋ ಮೈನಸ್ 18 ಎಂದೋ ಬರುತ್ತದೆ, ಹೋದದ್ದು ಅಷ್ಟು. ಬಿಸಿ ಬಾಣಲೆಯನ್ನು ತಕ್ಕಡಿಯ ಮೇಲೆ ಏರಿಸುವ ಪ್ರಮೇಯವೇ ಬರುವುದಿಲ್ಲ, ಚಮಚಕ್ಕೆ ಅಂಟಿ ಉಳಿಯುವ ಎಣ್ಣೆಯ ತಕರಾರೂ ಇಲ್ಲ. ತುಪ್ಪದ ಭರಣಿ, ಜೋನಿಬೆಲ್ಲದ ಡಬ್ಬಿ, ಕಡಲೆಕಾಯಿ ಚಟ್ನಿಪುಡಿಯ ಸೀಸೆ ಎಲ್ಲಕ್ಕೂ ಇದೇ ಉಪಾಯ. ಜೋನಿಬೆಲ್ಲದಲ್ಲಿ ನೀರಿನಂಶ ಹೆಚ್ಚಿರುವುದರಿಂದ ಅಚ್ಚುಬೆಲ್ಲದ ಅಂಕಿಯನ್ನೇ ಅದಕ್ಕೂ ಹಚ್ಚಿದರೆ ಲೆಕ್ಕ ತುಸು ಹೆಚ್ಚಾಗಿಯೇ ಬರುತ್ತದೆ. ಕಡಿಮೆಯಾಗಿ ಬರುವುದಕ್ಕಿಂತ ಅದು ವಾಸಿ. ತೆಂಗಿನತುರಿಯನ್ನು ಮಾತ್ರ ತುರಿದ ಮೇಲೆ ನೇರವಾಗಿಯೇ ತೂಗಬೇಕು. ಹಸಿ ತೆಂಗು 100 ಗ್ರಾಂಗೆ 350 ಕ್ಯಾಲೊರಿಗೆ ಕಡಿಮೆಯಿಲ್ಲ, ಹಾಗಾಗಿ ಹಗುರವೆಂದು ಹೆಸರಾದ ತಂಬುಳಿಯಲ್ಲಿಯೂ ಕ್ಯಾಲೊರಿ ಬರುವುದು ಮಜ್ಜಿಗೆಗಿಂತ ತೆಂಗಿನಿಂದಲೇ ಹೆಚ್ಚು.

ಇನ್ನು ಯಂತ್ರದ ಗುಣದೋಷಗಳು. ಇಂಥ ತಕ್ಕಡಿಯ ಒಳಗಿರುವುದು ಭಾರಕ್ಕೆ ಅತಿ ಸೂಕ್ಷ್ಮವಾಗಿ ಬಾಗುವ ಲೋಹದ ತುಂಡು. ಅದಕ್ಕೆ ಅಂಟಿಸಿದ ಎಳೆಗಳ ವಿದ್ಯುತ್ ರೋಧ ಬಾಗಿದಷ್ಟೂ ಬದಲಾಗುತ್ತದೆ, ಆ ಬದಲಾವಣೆಯನ್ನೇ ಗ್ರಾಂ ಆಗಿ ತೋರಿಸಲಾಗುತ್ತದೆ. ಈ ರಚನೆಯಿಂದಲೇ ಕೆಲವು ತೊಡಕುಗಳು ಹುಟ್ಟುತ್ತವೆ. ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆ ಇಟ್ಟರೆ ಬಿಸಿ ಕೆಳಗೆ ಇಳಿದು ಅಂಕಿ ನಿಧಾನವಾಗಿ ಅಲೆಯತೊಡಗುತ್ತದೆ. ನಡುವೆ ಒಂದು ಮರದ ಹಲಗೆ ಇಟ್ಟು ಸೊನ್ನೆ ಮಾಡಿಕೊಂಡರೆ ಈ ತೊಂದರೆ ಇಲ್ಲ. ಸಹಿಸುವ ಮಿತಿಗಿಂತ ಹೆಚ್ಚು ಭಾರ ಒಮ್ಮೆ ಬಿದ್ದರೂ ಲೋಹ ಶಾಶ್ವತವಾಗಿ ಬಾಗಬಹುದಾದ್ದರಿಂದ ಕುಕ್ಕರು, ತೆಂಗಿನಕಾಯಿ ಚೀಲ ಇತ್ಯಾದಿಗಳನ್ನು ಇದರ ಮೇಲೆ ಪೇರಿಸಿಡುವ ಮನೆಯಲ್ಲಿ ಇದು ಬಾಳುವುದು ಕಷ್ಟ. ಸೊನ್ನೆಯ ಆಸುಪಾಸಿನಲ್ಲಿ ಯಂತ್ರ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿರುತ್ತದೆ. ಸೊನ್ನೆ ಮಾಡಿದ ಬಟ್ಟಲಿಗೆ ಸಕ್ಕರೆಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಮೊದಲ ಗ್ರಾಂಗಳನ್ನು ಅದು ಭಾರವೆಂದು ಪರಿಗಣಿಸದೆ ನುಂಗಿಬಿಡುವುದುಂಟು. ಬಟ್ಟಲಿನ ತೂಕವನ್ನು ಸೊನ್ನೆ ಮಾಡದೆ ಹಾಗೆಯೇ ಬಿಟ್ಟು, ಕೊನೆಗೆ ಕಳೆದುಕೊಂಡರೆ ಇದನ್ನು ತಪ್ಪಿಸಬಹುದು. ಕೆಲವು ನಿಮಿಷ ಮುಟ್ಟದಿದ್ದರೆ ತಾನಾಗಿಯೇ ಆರಿಹೋಗುವುದು ಬ್ಯಾಟರಿಯ ದೃಷ್ಟಿಯಿಂದ ಒಳ್ಳೆಯದು, ಮಸಾಲೆ ರುಬ್ಬುವ ನಡುವೆ ಲೆಕ್ಕ ಅಳಿಸಿಹೋದಾಗ ಮಾತ್ರ ಸಿಟ್ಟು ಬರಿಸುತ್ತದೆ.

ಮಿಲಿಲೀಟರ್ ಎಂಬ ಇನ್ನೊಂದು ಆಯ್ಕೆಯೂ ಇದೆ. ಅದನ್ನು ಮುಟ್ಟದಿರುವುದೇ ಲೇಸು. ತಕ್ಕಡಿಗೆ ತೂಕವಲ್ಲದೆ ಬೇರೇನೂ ಗೊತ್ತಾಗದು, ಪದಾರ್ಥವನ್ನು ನೀರೆಂದು ಭಾವಿಸಿ ಗ್ರಾಂ ಅಂಕಿಯನ್ನೇ ಮಿಲಿಲೀಟರ್ ಎಂದು ತೋರಿಸುತ್ತದೆ. 100 ಮಿಲಿಲೀಟರ್ ಎಣ್ಣೆ ಸುಮಾರು 92 ಗ್ರಾಂ ತೂಗುತ್ತದೆ, ಅಷ್ಟೇ ಹಾಲು ಸುಮಾರು 103.

ನಮ್ಮ ಮಳೆಗಾಲ ಈ ಯಂತ್ರಕ್ಕೆ ನಿಜವಾದ ಪರೀಕ್ಷೆ. ಶಿವಮೊಗ್ಗ ಪಟ್ಟಣದಲ್ಲಿ ಹೇಗೋ ನಡೆಯುತ್ತದೆ, ಆದರೆ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಮನೆಗಳಲ್ಲಿ ಆಷಾಢ ಶ್ರಾವಣದಲ್ಲಿ ಬಟ್ಟೆ ಒಣಗುವುದೇ ದುಸ್ತರವಾದಾಗ ಸರ್ಕ್ಯೂಟಿನ ಒಳಗೆ ತೇವ ಕೂರದೆ ಇರುವುದಿಲ್ಲ. ಪೆನ್ಸಿಲ್ ಸೆಲ್ ಕೂರುವ ಜಾಗದ ಲೋಹದ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯುತ್ತದೆ, ರಬ್ಬರಿನ ಪಾದಗಳ ಅಡಿಯಲ್ಲಿ ಬೂಷ್ಟು ಬರುತ್ತದೆ, ಗುಂಡಿ ಒತ್ತಿದರೆ ಒಂದು ಕ್ಷಣ ತಡವಾಗಿ ಓಗೊಡುತ್ತದೆ. ಸ್ಪ್ರಿಂಗನ್ನು ನಯವಾದ ಮರಳುಕಾಗದದಿಂದ ಉಜ್ಜಿ, ತೂಗುವ ಕೆಲಸವಿಲ್ಲದ ವೇಳೆಯಲ್ಲಿ ಯಂತ್ರವನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟರೆ ಸಾಕಷ್ಟು ಕಾಲ ಬಾಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಕೊಪ್ಪರಿ, ಹುಣಸೆಹಣ್ಣುಗಳ ಜೊತೆ ಇದನ್ನೂ ಇಡುವ ಆಲೋಚನೆ ಯಾರಿಗಾದರೂ ಬಂದರೆ ಬಿಟ್ಟುಬಿಡಲಿ. ಹೊಗೆ ಮತ್ತು ಜಿಡ್ಡು ತೇವಕ್ಕಿಂತ ಕೆಟ್ಟವು.

ಯಂತ್ರ ಸರಿಯಾಗಿದೆಯೇ ಎಂದು ನೋಡಲು ತೂಕದ ಬಟ್ಟು ಕೊಳ್ಳಬೇಕಾಗಿಲ್ಲ. 2011ರ ಸರಣಿಯ ಐದು ರೂಪಾಯಿ ನಾಣ್ಯದ ತೂಕ 6 ಗ್ರಾಂ, ಅದೇ ಸರಣಿಯ ಹತ್ತು ರೂಪಾಯಿಯದು 7.71 ಗ್ರಾಂ. ಹತ್ತು ರೂಪಾಯಿಯ ಹತ್ತು ನಾಣ್ಯ ಒಟ್ಟಿಗೆ ಇಟ್ಟರೆ 77 ಬರಬೇಕು. ಒಂದೆರಡು ನಾಣ್ಯ ಇಟ್ಟು ತೀರ್ಮಾನಕ್ಕೆ ಬರಬಾರದು, ಏಕೆಂದರೆ ಅಲ್ಲಿ ಒಂದು ಗ್ರಾಂ ಹೆಚ್ಚುಕಮ್ಮಿ ಯಂತ್ರದ ಸಹಜ ಮಿತಿ. ದೊಡ್ಡ ತೂಕಕ್ಕೆ ನಂಬಿಕೆಯ ಅಳತೆಪಾತ್ರೆಯಲ್ಲಿ ಒಂದು ಲೀಟರ್ ನೀರು ಇಟ್ಟರೆ 997 ಗ್ರಾಂ ಆಸುಪಾಸು ಬರಬೇಕು. ನಮ್ಮದರಲ್ಲಿ ಮಳೆಗಾಲದ ಕೊನೆಯಲ್ಲಿ ಸಾವಿರಕ್ಕೆ ಎರಡು ಮೂರು ಗ್ರಾಂ ವ್ಯತ್ಯಾಸ ಕಾಣಿಸುವುದುಂಟು. ಊಟದ ಲೆಕ್ಕಕ್ಕೆ ಅದು ಏನೇನೂ ಅಲ್ಲ. ಹೊಸ ಸೆಲ್ ಹಾಕಿದ ಮೇಲೆ ಮತ್ತು ಯಂತ್ರ ಕೆಳಗೆ ಬಿದ್ದ ಮೇಲೆ ಈ ಪರೀಕ್ಷೆ ಕಡ್ಡಾಯವೆಂದು ನನ್ನ ಎಣಿಕೆ.

ಮಾಂಸಾಹಾರದ ಮನೆಗಳಲ್ಲಿ ಇನ್ನೊಂದು ಹೆಜ್ಜೆ ಬೇಕಾಗುತ್ತದೆ. ಕಡುಬಿನ ಜೊತೆ ನಾಟಿಕೋಳಿ ಸಾರು ಬಡಿಸಿದಾಗ ತಟ್ಟೆಗೆ ಬಿದ್ದ ತುಂಡುಗಳ ತೂಕದಲ್ಲಿ ಮೂಳೆಯ ಪಾಲು ಸಾಕಷ್ಟಿರುತ್ತದೆ. ಉಂಡಾದ ಮೇಲೆ ಉಳಿದ ಮೂಳೆಗಳನ್ನು ತೂಗಿ ಕಳೆಯದಿದ್ದರೆ ತಿನ್ನದ್ದನ್ನೂ ತಿಂದಂತೆ ಬರೆದುಕೊಂಡ ಹಾಗಾಗುತ್ತದೆ. ಹಲಸಿನ ಹಪ್ಪಳದಂಥ ಕರಿದ ತಿಂಡಿಗೆ ಒಂದು ಬಲೆಯಿದೆ: ಕರಿಯುವ ಮುನ್ನ ಮತ್ತು ನಂತರದ ತೂಕದ ವ್ಯತ್ಯಾಸವೇ ಹೀರಿಕೊಂಡ ಎಣ್ಣೆ ಎಂದು ತಿಳಿಯುವಂತಿಲ್ಲ, ಎಣ್ಣೆ ಒಳಹೋಗುವಾಗಲೇ ನೀರು ಹೊರಹೋಗಿರುತ್ತದೆ. ಬಾಣಲೆಯ ಎಣ್ಣೆಯನ್ನು ಕರಿಯುವ ಮುನ್ನ ಒಮ್ಮೆ, ಪೂರ್ತಿ ಆರಿದ ಮೇಲೆ ಒಮ್ಮೆ ತೂಗಿದರೆ ಮಾತ್ರ ನಿಜಕ್ಕೆ ಹತ್ತಿರದ ಅಂಕಿ ಸಿಗುತ್ತದೆ.

ತೂಕ ಸರಿಯಾದರೂ ಗುಣಿಸುವ ಅಂಕಿ ತಪ್ಪಾದರೆ ಫಲವಿಲ್ಲ. ಆಪ್‌ಗಳಲ್ಲಿ ಬಳಕೆದಾರರೇ ತುಂಬಿಸಿದ ಸಾಲುಗಳು ಬಹಳ. ಪತ್ರೊಡೆ, ಕಳಲೆ ಪಲ್ಯಗಳ ಎದುರಿಗೆ ಯಾರೋ ಊಹಿಸಿ ಬರೆದ ಅಂಕಿಗಳು ಇರುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಪದಾರ್ಥಗಳ ಕೋಷ್ಟಕದಲ್ಲಿ 528 ಪದಾರ್ಥಗಳ ವಿಶ್ಲೇಷಣೆ ಇದೆ, ನಮ್ಮ ಅಕ್ಕಿ, ಬೇಳೆ, ಸೊಪ್ಪುಗಳಿಗೆ ಅದೇ ಉತ್ತಮ ಆಧಾರ. ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ; 4.184ರಿಂದ ಭಾಗಿಸಿದರೆ ನಾವು ಕ್ಯಾಲೊರಿ ಎಂದು ಕರೆಯುವ ಕಿಲೋಕ್ಯಾಲೊರಿ ಬರುತ್ತದೆ. ಆ ಅಂಕಿಗಳೂ ಸರಾಸರಿಯೇ ಆದ್ದರಿಂದ ಗ್ರಾಂನ ಹತ್ತನೆಯ ಒಂದು ಭಾಗ ತೋರಿಸುವ ಚಿನ್ನದಂಗಡಿ ಬಗೆಯ ಪುಟ್ಟ ತಕ್ಕಡಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಅವು ಹೊರುವ ಭಾರವೂ ಕಡಿಮೆ, ಒಂದು ಸ್ಟೀಲ್ ಪಾತ್ರೆ ಇಟ್ಟರೆ ಮಿತಿ ಮುಗಿದುಹೋಗುತ್ತದೆ.

ಮನೆಯವರ ಸಹಕಾರ ಯಂತ್ರದ ಜೊತೆ ಪೆಟ್ಟಿಗೆಯಲ್ಲಿ ಬರುವುದಿಲ್ಲ. “ತೂಗಿ ಅನ್ನ ಹಾಕೋದು ಜೈಲಲ್ಲಂತೆ ಕಣೋ” ಎಂದು ಅತ್ತೆ ಹೇಳಿದ್ದು ತಮಾಷೆಗೇ ಆದರೂ ಅದರಲ್ಲಿ ಪೂರ್ತಿ ತಮಾಷೆ ಇರಲಿಲ್ಲ. ಬಡಿಸುವ ಹೊತ್ತಿನಲ್ಲಿ ತಕ್ಕಡಿ ಕಣ್ಣಿಗೆ ಬೀಳದಂತೆ ಲೆಕ್ಕವನ್ನೆಲ್ಲ ಅಡುಗೆಯ ವೇಳೆಯಲ್ಲೇ ಮುಗಿಸುವ ಕ್ರಮಕ್ಕೆ ಇದೂ ಒಂದು ಕಾರಣ. ಮದುವೆಮನೆಯ ಎಲೆಯ ಮುಂದೆ, ಹೋಟೆಲಿನ ಮಸಾಲೆದೋಸೆಯ ಮುಂದೆ ಈ ಯಂತ್ರಕ್ಕೆ ಕೆಲಸವಿಲ್ಲ. ಅಲ್ಲಿ ಅಂದಾಜು ಬರೆದು ಮುಂದೆ ಹೋಗುವುದು ಸರಿ. ಗ್ರಾಂಗಳ ಚಿಂತೆ ಊಟವನ್ನೇ ಕಹಿ ಮಾಡುವಷ್ಟು ಬೆಳೆಯುವ ಸ್ವಭಾವದವರಿಗೆ ಇದನ್ನು ನಾನು ಸೂಚಿಸುವುದಿಲ್ಲ.

ಕೊಳ್ಳುವವರು ಗಮನಿಸಬೇಕಾದ ಒಂದೆರಡು ಸಂಗತಿಗಳಿವೆ. ಬಟನ್ ಸೆಲ್‌ನ ಮಾದರಿಗಿಂತ ಪೆನ್ಸಿಲ್ ಸೆಲ್‌ನ ಮಾದರಿ ಒಳ್ಳೆಯದು, ಹಳ್ಳಿಯ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಮೇಲ್ಭಾಗ ಸ್ಟೀಲ್ ಅಥವಾ ಗಾಜಿನದಾಗಿದ್ದರೆ ಅರಿಸಿನದ ಕಲೆ ನಿಲ್ಲುವುದಿಲ್ಲ. ನಮ್ಮ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಅದು ಶಾಶ್ವತವಾಗಿ ನೆಲೆಸಿದೆ. ಅಗಲವಾದ ಪಾತ್ರೆ ಇಟ್ಟಾಗ ಅಂಕಿಯ ಪರದೆ ಅದರ ನೆರಳಿನಲ್ಲಿ ಮುಚ್ಚಿಹೋಗಿ ಬಗ್ಗಿ ನೋಡಬೇಕಾಗುವುದು ಈ ಮಾದರಿಯ ದೊಡ್ಡ ಕೊರತೆ, ಮುಂದಿನ ಸಲ ಪರದೆಯನ್ನು ಹೊರಗೆ ಎಳೆದುಕೊಳ್ಳಬಹುದಾದ, ಹತ್ತು ಕಿಲೋ ಹೊರುವ ಮಾದರಿಯನ್ನೇ ಆರಿಸುತ್ತೇನೆ.