ಬಳ್ಳಾರಿಯ ಹಿರಿಯರ ವಸತಿ: ರ‍್ಯಾಂಪು ಚೆನ್ನಾಗಿದೆ, ಬಚ್ಚಲು ಸರಿಯಿಲ್ಲ

ಬಳ್ಳಾರಿ ಹೊರವಲಯದಲ್ಲಿ ಅರವತ್ತು ದಾಟಿದವರಿಗೆಂದೇ ಕಟ್ಟಿರುವ ಎರಡಂತಸ್ತಿನ ವಸತಿ ಇದು. ರ‍್ಯಾಂಪನ್ನು ಲೆಕ್ಕ ಹಾಕಿಯೇ ಕಟ್ಟಿದ್ದಾರೆ: ಎರಡಡಿ ಎತ್ತರಕ್ಕೆ ಇಪ್ಪತ್ನಾಲ್ಕಡಿ ಉದ್ದ, ಅಂದರೆ 1:12. ಎರಡೂ ಬದಿಗೆ ಹಿಡಿಗಂಬಿ ಇದೆ. ಆದರೆ ರ‍್ಯಾಂಪಿನ ಮೇಲೆ ಪಾಲಿಶ್ ಗ್ರಾನೈಟ್ ಹಾಸಿದ್ದಾರೆ, ಮಳೆ ಬಿದ್ದರೆ ಜಾರುತ್ತದೆ. ಒರಟು ಮೈಯ ಕಲ್ಲೇ ಆಗಬೇಕಿತ್ತು.

ಬಚ್ಚಲಿಗೆ ಬಂದರೆ ಈ ಎಚ್ಚರ ಕಾಣುವುದಿಲ್ಲ. ಬಾಗಿಲು ಎರಡೂವರೆ ಅಡಿ; ಚೌಕಟ್ಟು ಕಳೆದರೆ ಗಾಲಿಕುರ್ಚಿ ತೂರುವಾಗ ಬೆರಳು ತರಚುತ್ತದೆ. 900 ಮಿ.ಮೀ. ತೆರವು ಬೇಕು. ಅದಕ್ಕಿಂತ ದೊಡ್ಡ ತಪ್ಪೆಂದರೆ ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ಅದನ್ನು ಒಡೆಯದೆ ದಾರಿಯಿಲ್ಲ. ಕಮೋಡಿನ ಎತ್ತರ ಹದಿನೆಂಟು ಇಂಚು, ಸರಿಯಿದೆ. ಪಕ್ಕದ ಗಂಬಿಯನ್ನು ಮಾತ್ರ ಟೊಳ್ಳು ಬ್ಲಾಕಿನ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಕೂರಿಸಿದ್ದಾರೆ. ಏಳುವಾಗ ಮೈಭಾರವೆಲ್ಲ ಅದರ ಮೇಲೆಯೇ ಬೀಳುವುದರಿಂದ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಬ್ಲಾಕಿನೊಳಗೆ ಕಾಂಕ್ರೀಟ್ ತುಂಬಿ ಆಂಕರ್ ಬೋಲ್ಟ್ ಬಿಗಿಯಬೇಕು. ಕರೆಗಂಟೆ ನಾಲ್ಕಡಿ ಎತ್ತರದಲ್ಲಿದೆ. ನೆಲಕ್ಕೆ ಬಿದ್ದವರಿಗೆ ಎಟುಕುವುದು ಹೇಗೆ? ನೆಲದಿಂದ ಒಂದಡಿಯೊಳಗೆ ಬರುವಂತೆ ದಾರ ಇಳಿಬಿಟ್ಟರೆ ಸಾಕು, ಖರ್ಚೂ ಹೆಚ್ಚಿಲ್ಲ.

ಬಳ್ಳಾರಿ ಬಿಸಿಲಿಗೆ ಮೇಲಂತಸ್ತಿನ ಆರ್‌ಸಿಸಿ ಛಾವಣಿ ಹಗಲೆಲ್ಲ ಕಾದು, ರಾತ್ರಿ ಹೊತ್ತು ಕೋಣೆಯೊಳಗೆ ಕಾವು ಬಿಡುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ತಿಳಿಯದು. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗಂತೂ ನಿತ್ರಾಣ ಬೇಗ. ಛಾವಣಿಗೆ ಬಿಳಿ ಬಣ್ಣ ಬಳಿಸುವವರೆಗೆ ಕೆಳಗಿನ ಕೋಣೆಯನ್ನೇ ಕೇಳಿ.

ಊಟ ಚೆನ್ನಾಗಿದೆ. ಹಲ್ಲಿಲ್ಲದವರಿಗೆ ಬಿಸಿ ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡುತ್ತಾರೆ, ಇಲ್ಲವೇ ಜೋಳದ ನುಚ್ಚು.

ರಾತ್ರಿ ಎರಡು ಅಂತಸ್ತಿಗೂ ಒಬ್ಬರೇ ಆಯಾ. ಬಿದ್ದವರನ್ನು ಎತ್ತಲು ಇಬ್ಬರು ಬೇಕೇ ಬೇಕು. ಒಬ್ಬರೇ ಎತ್ತಲು ಹೋದರೆ ಇಬ್ಬರಿಗೂ ಪೆಟ್ಟು.

ಕರಾರುಪತ್ರದಲ್ಲಿ ಹಾಸಿಗೆ ಹಿಡಿದವರ ಆರೈಕೆಯ ಮಾತೇ ಇಲ್ಲ. ಅದನ್ನು, ಮುಂಗಡ ಎಷ್ಟು ದಿನದಲ್ಲಿ ವಾಪಸ್ ಎಂಬುದನ್ನು ಬರೆಸಿಕೊಂಡೇ ಸಹಿ ಹಾಕಿ. ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟು ಇಲ್ಲಿಗೆ ಬರುವವರು ಇನ್ನೊಂದು ವಿಷಯ ಗಮನಿಸಿ: ನೋಡಿಕೊಳ್ಳದಿದ್ದರೆ ಆ ಪತ್ರ ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಇದೆ. ಅದು ಕೈಹಿಡಿಯಬೇಕಾದರೆ ಆರೈಕೆಯ ಷರತ್ತು ದಾನಪತ್ರದಲ್ಲೇ ಸ್ಪಷ್ಟವಾಗಿರಲಿ.