ದೆಹಲಿ-ಆಗ್ರಾ-ಜೈಪುರ 8 ದಿನದ ಪ್ಯಾಕೇಜ್: ಭಟ್ರಿಗೆ ಫುಲ್ ಮಾರ್ಕ್ಸ್, ಮೊದಲ ದಿನದ ಪ್ಲಾನಿಗೆ ಸೊನ್ನೆ

ಮೇ ತಿಂಗಳಲ್ಲಿ ಡೆಲ್ಲಿಗೆ ಯಾರಾದ್ರೂ ಹೋಗ್ತಾರಾ ಅಂತ ಬೈಬೇಡಿ, ನಮ್ಮನೆಯವ್ರು ಸ್ಕೂಲ್ ಮೇಷ್ಟ್ರು, ರಜೆ ಸಿಗೋದೇ ಬೇಸಿಗೇಲಿ. ನಾನು, ಅವ್ರು, ನಮ್ಮತ್ತೆ ಮೂರು ಜನ ಒಂದು ಟ್ರಾವೆಲ್ಸ್‌ನವರ ಜೊತೆ ಹೋಗಿದ್ವಿ, ತಲೆಗೆ 26,500, ರೈಲು ಎಸಿ ಕೋಚು, ಊಟ ತಿಂಡಿ ಎಲ್ಲ ಸೇರಿ, ಕನ್ನಡದ ಮ್ಯಾನೇಜರ್, ನಮ್ಮ ಕಡೆ ಅಡುಗೆಯವರೇ ಜೊತೆಗೆ ಬರ್ತಾರೆ ಅಂತ ಹೇಳಿದ್ರು. ಗುಂಪಲ್ಲಿ 36 ಜನ, ಅರ್ಧಕ್ಕರ್ಧ ರಿಟೈರ್ ಆದವ್ರು. ಎಂಟೂ ದಿನದ ಕಥೆ ಬರೆಯಲ್ಲ, ಮೊದಲ ದಿನದ್ದು ಮಾತ್ರ ಹೇಳ್ತೀನಿ, ಯಾಕಂದ್ರೆ ಇಂಥ ಟೂರ್ ಬುಕ್ ಮಾಡೋ ಮುಂಚೆ ಏನು ಕೇಳ್ಬೇಕು ಅನ್ನೋದು ನಂಗೆ ಗೊತ್ತಾಗಿದ್ದು ಆವತ್ತೇ.

ಶನಿವಾರ ರಾತ್ರಿ 8ಕ್ಕೆ ಬೆಂಗಳೂರಲ್ಲಿ ರಾಜಧಾನಿ ಹತ್ತಿದ್ರೆ ಸೋಮವಾರ ಬೆಳಗ್ಗೆ 5.30ಕ್ಕೆ ಹಜರತ್ ನಿಜಾಮುದ್ದೀನ್ ಸ್ಟೇಷನ್. ಇಳಿದಾಗ ಗಾಳಿ ಚೆನ್ನಾಗೇ ಇತ್ತು, ಅತ್ತೆ ಸೆರಗು ಹೊದ್ಕೊಂಡ್ರು ಅಂದ್ರೆ ನಂಬಿ. ಈಗ ನೋಡಿ ವಿಷಯ, ಹುಮಾಯೂನ್ ಸಮಾಧಿ ಆ ಸ್ಟೇಷನ್‌ನಿಂದ ಹೆಚ್ಚು ಕಮ್ಮಿ ಎರಡು ಕಿಲೋಮೀಟರ್, ಬಾಗಿಲು ತೆಗೆಯೋದು ಸೂರ್ಯ ಹುಟ್ಟೋ ಹೊತ್ತಿಗೆ. ಲಗೇಜ್ ಬಸ್ಸಲ್ಲೇ ಬಿಟ್ಟು ಅಲ್ಲಿಗೆ ಹೋಗಿದ್ರೆ ಎಂಟು ಗಂಟೆ ಒಳಗೆ ತಂಪಲ್ಲಿ ನೋಡಿ ಮುಗೀತಿತ್ತು. ನಮ್ಮ ಬಸ್ಸು ಅದನ್ನ ಬಿಟ್ಟು ಊರಿನ ಆ ಕಡೆ ಕರೋಲ್ ಬಾಗಿನ ಹೋಟೆಲ್ಲಿಗೆ ಹೋಯ್ತು. ಅಲ್ಲಿ ಚೆಕ್-ಇನ್ ಮಧ್ಯಾಹ್ನ 12ಕ್ಕಂತೆ! 36 ಜನಕ್ಕೆ ಮೂರು ರೂಮು ಕೊಟ್ಟು 'ಫ್ರೆಶ್ ಆಗಿ' ಅಂದ್ರು. ನಮ್ಮ ಜನ ಸ್ನಾನ ಮಾಡ್ದೆ ಹೊಸಿಲು ದಾಟಲ್ಲ, ಅದೂ ಎರಡು ರಾತ್ರಿ ರೈಲಲ್ಲಿ ಕಳೆದ ಮೇಲೆ, ಸರಿ, ಬಾತ್‌ರೂಮ್ ಮುಂದೆ ಬಕೆಟ್ ಟವೆಲ್ ಹಿಡ್ಕೊಂಡು ಕ್ಯೂ, ಮದುವೆ ಮನೆ ಥರ. ಹೊರಟಾಗ 10.45.

ಭಟ್ರ ಬಗ್ಗೆ ಮಾತ್ರ ಒಂದು ಮಾತಿಲ್ಲ. ಅವ್ರೂ ನಮ್ಮ ಜೊತೇನೇ ರೈಲಿಳಿದವ್ರು, ನಾವು ಸ್ನಾನಕ್ಕೆ ಕಾಯ್ತಿದ್ರೆ ಹೋಟೆಲ್ ಟೆರೇಸ್ ಮೇಲೆ ಸ್ಟೌ ಹಚ್ಚಿ ಉಪ್ಪಿಟ್ಟು, ಕೇಸರಿಬಾತು, ಫಿಲ್ಟರ್ ಕಾಫಿ ಎಲ್ಲ ರೆಡಿ ಮಾಡಿಟ್ಟಿದ್ರು. ಉಪ್ಪಿಟ್ಟು ಉದುರುದುರಾಗಿತ್ತು, ನಮ್ಮನೇಲೇ ಅಷ್ಟು ಚೆನ್ನಾಗಿ ಬರಲ್ಲ.

ಬಸ್ಸು ಪುಶ್‌ಬ್ಯಾಕ್ ಎಸಿ, ಹೊಸದು, ಕಂಪ್ಲೇಂಟ್ ಇಲ್ಲ. ಆದ್ರೆ ಪಾರ್ಕಿಂಗಲ್ಲಿ ಇಂಜಿನ್ ಆಫ್ ಮಾಡ್ತಾರೆ, ಎಸಿನೂ ಆಫ್, ಎರಡು ಗಂಟೆ ಬಿಟ್ಟು ವಾಪಸ್ ಬಂದ್ರೆ ಸೀಟು ದೋಸೆ ಕಾವಲಿ. ಡ್ರೈವರ್‌ಗೆ ಫೋನ್ ಮಾಡಿ ಹತ್ತು ನಿಮಿಷ ಮುಂಚೆ ಸ್ಟಾರ್ಟ್ ಮಾಡಪ್ಪ ಅಂದಿದ್ರೆ ಸಾಕಿತ್ತು. ಮ್ಯಾನೇಜರ್‌ಗೆ ಅದು ಹೊಳೀಲೇ ಇಲ್ಲ.

ಕುತುಬ್ ಮಿನಾರ್ ಸೇರಿದಾಗ ಸರಿಯಾಗಿ 12. ಮೊಬೈಲ್ 44 ಡಿಗ್ರಿ ತೋರಿಸ್ತಿತ್ತು. ನಮ್ಮ ಗುಂಪಲ್ಲಿ ರಾಯಚೂರಿನ ಯಜಮಾನ್ರೊಬ್ರು, 'ಇದೇನ್ ಬಿಸ್ಲು ಅಂತೀರ್ರೀ, ನಮ್ಮೂರಿಗೆ ಬರ್ರಿ ಒಮ್ಮೆ' ಅಂತ ಬಸ್ಸಿಳಿವಾಗ ಜೋರಾಗಿ ನಕ್ರು, ಕಾಲು ಗಂಟೇಲಿ ಮೊದಲು ನೆರಳು ಹುಡುಕಿ ಕೂತಿದ್ದೂ ಅವ್ರೇ. ನಮ್ಮ ಕಡೆ ಥರ ಬೆವರು ಇಳಿಯಲ್ಲ ಅಲ್ಲಿ, ಲೂ ಅಂತ ಒಣ ಬಿಸಿ ಗಾಳಿ ಬೀಸುತ್ತಲ್ಲ, ಅದು ಬೆವರನ್ನ ಬಂದ ಹಾಗೇ ಆರಿಸಿಬಿಡುತ್ತೆ, ಮೈ ಒದ್ದೆನೇ ಆಗಲ್ಲ, ಹಂಗಾಗಿ ನೀರು ಕುಡೀಬೇಕು ಅನ್ಸೋದೇ ಇಲ್ಲ, ಆಮೇಲೆ ಇದ್ದಕ್ಕಿದ್ದಂಗೆ ತಲೆನೋವು. ಟ್ರಾವೆಲ್ಸ್‌ನವ್ರು ದಿನಕ್ಕೆ ತಲೆಗೊಂದು ಲೀಟರ್ ನೀರು ಕೊಡ್ತಾರೆ. ಒಂದು ಲೀಟರ್ ನಂಗೆ ಟಿಕೆಟ್ ಕ್ಯೂನಲ್ಲೇ ಮುಗೀತು.

ಆ ಕ್ಯೂ ಕಥೆ ಬೇರೆ. ಎಂಟ್ರಿ ಟಿಕೆಟ್ ಪ್ಯಾಕೇಜಲ್ಲಿ ಇಲ್ಲ ಅಂತ ಬಸ್ಸಲ್ಲಿ ಹೇಳಿದ್ರು, ಇರ್ಲಿ ಬಿಡಿ, ಕೌಂಟರಲ್ಲಿ 40 ರೂಪಾಯಿ ಅಷ್ಟೇ. ಪಕ್ಕದಲ್ಲೇ ಕ್ಯೂಆರ್ ಬೋರ್ಡ್ ಇದೆ, ಸ್ಕ್ಯಾನ್ ಮಾಡಿ ಫೋನಲ್ಲಿ ತಗೊಂಡ್ರೆ 35, ಕ್ಯೂ ನಿಲ್ಲೋದೂ ಬೇಡ. ಮ್ಯಾನೇಜರ್ ಎಲ್ಲರ ಹತ್ರ ದುಡ್ಡು ಕಲೆಕ್ಟ್ ಮಾಡ್ಕೊಂಡು, ಚಿಲ್ಲರೆ ವಾಪಸ್ ಕೊಟ್ಟು, ಕ್ಯೂನಲ್ಲಿ ನಿಂತು ಟಿಕೆಟ್ ತರೋಷ್ಟರಲ್ಲಿ ಇಪ್ಪತ್ತೈದು ನಿಮಿಷ, ನಾವೆಲ್ಲ ಬಿಸಿಲಲ್ಲಿ.

ಗೈಡ್ ಹಿಂದಿಯವ್ರು, ಒಳ್ಳೇ ಮನುಷ್ಯ, ವಿಷಯ ಗೊತ್ತಿತ್ತು. ಆದ್ರೆ ಮಿನಾರ್ ಬುಡದಲ್ಲಿ ನೆತ್ತಿ ಬಿಸಿಲಲ್ಲಿ ನಿಲ್ಲಿಸ್ಕೊಂಡು ಐಬಕ್ ಶುರು ಮಾಡಿದ್ದು, ಇಲ್ತುಮಿಶ್ ಮುಂದುವರಿಸಿದ್ದು, ಸಿಡಿಲು ಹೊಡೆದ ಮೇಲೆ ಫಿರೋಜ್ ಷಾ ತುಘಲಕ್ ರಿಪೇರಿ ಮಾಡಿಸಿದ್ದು, ಎತ್ತರ 72.5 ಮೀಟರ್, ಮೆಟ್ಟಿಲು 379, ಎಲ್ಲ ಇಪ್ಪತ್ತು ನಿಮಿಷ ಹೇಳಿದ್ರು. ಹತ್ತು ಹೆಜ್ಜೆ ಆಚೆ ಕಲ್ಲು ಕಂಬಗಳ ಮಂಟಪ ಇದೆ, ಒಳ್ಳೇ ನೆರಳು, ಮಿನಾರ್ ಅಲ್ಲಿಂದಾನೂ ಕಾಣುತ್ತೆ! ಗೈಡ್ ಐದು ನಿಮಿಷ ಹೇಳಿದ್ದನ್ನ ಮ್ಯಾನೇಜರ್ ಕನ್ನಡದಲ್ಲಿ 'ಬಹಳ ಹಳೇದು, ಎಂಟುನೂರು ವರ್ಷದ್ದು, ಫೋಟೋ ತಗೊಳ್ಳಿ' ಅಂತ ಮುಗಿಸ್ತಿದ್ರು. ಒಳಗೆ ಹತ್ತೋಕೆ ಯಾಕೆ ಬಿಡಲ್ಲ ಅಂತ ಅತ್ತೆ ಕೇಳಿದ್ದಕ್ಕೆ ನಮ್ಮನೆಯವ್ರೇ ಹೇಳ್ಬೇಕಾಯ್ತು, 1981ರಲ್ಲಿ ಒಳಗೆ ಕರೆಂಟ್ ಹೋಗಿ ಮೆಟ್ಟಿಲ ಮೇಲೆ ನೂಕುನುಗ್ಗಲಾಗಿ 45 ಜನ ತೀರ್ಕೊಂಡ್ರು, ಜಾಸ್ತಿ ಸ್ಕೂಲ್ ಮಕ್ಕಳೇ, ಆಮೇಲೆ ಮುಚ್ಚಿಬಿಟ್ರು ಅಂತ. ಕಬ್ಬಿಣದ ಕಂಬದ ಹತ್ರ ಬರೋ ಹೊತ್ತಿಗೆ ಅರ್ಧ ಗುಂಪು ಮರದ ಕೆಳಗೆ. ಗುಪ್ತರ ಕಾಲದ ಕಂಬ, ಸಾವಿರದ ಆರುನೂರು ವರ್ಷ ಮಳೆ ಗಾಳಿಗೆ ನಿಂತೂ ತುಕ್ಕು ಹಿಡಿದು ಹಾಳಾಗಿಲ್ಲ, ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ ಇರೋದ್ರಿಂದ ಮೇಲೆ ಒಂದು ತೆಳು ಪದರ ಕಟ್ಟಿ ಕಾಪಾಡ್ತಿದೆ ಅಂತೆ. ನಾನು ಡೆಲ್ಲೀಲಿ ನೋಡ್ಬೇಕು ಅಂತಿದ್ದಿದ್ದೇ ಅದನ್ನ, ನಿಂತಿದ್ದು ಎರಡು ನಿಮಿಷ.

ಊಟ ಪಾರ್ಕಿಂಗಲ್ಲಿ, ಬಸ್ಸಿನ ನೆರಳಲ್ಲಿ, ಪೇಪರ್ ಪ್ಲೇಟು. ಬಿಸಿಬೇಳೆಬಾತ್ ಯಾರೂ ಜಾಸ್ತಿ ಮುಟ್ಲಿಲ್ಲ, ಮೊಸರನ್ನ ಎರಡೆರಡು ಸಲ ಹಾಕಿಸ್ಕೊಂಡ್ರು. ಭಟ್ರು ಐಸ್ ಡಬ್ಬದಲ್ಲಿ ನೀರು ಮಜ್ಜಿಗೆ ತಂದಿದ್ರು, ಶುಂಠಿ, ಕೊತ್ತಂಬರಿ, ಸ್ವಲ್ಪ ಜಾಸ್ತಿನೇ ಉಪ್ಪು. 'ಉಪ್ಪು ಬೇಕಂತಲೇ ಹಾಕಿದ್ದು ಅಮ್ಮ, ಪೂರ್ತಿ ಕುಡೀರಿ' ಅಂತ ಅತ್ತೆ ಹತ್ರ ನಿಂತು ಕುಡಿಸಿದ್ರು. ಮ್ಯಾನೇಜರ್ ಮಾಡಬೇಕಾದ ಕೆಲಸ ಅದು.

ಅಲ್ಲಿಂದ ಮೂರು ಗಂಟೆಗೆ ಹುಮಾಯೂನ್ ಸಮಾಧಿ. ಬೆಳಗ್ಗೆ ಅದರ ಪಕ್ಕದಲ್ಲೇ ರೈಲಿಳಿದಿದ್ವಿ ಅನ್ನೋದನ್ನ ಯಾರೋ ಮ್ಯಾಪಲ್ಲಿ ನೋಡಿ ಹೇಳಿದಾಗ ಬಸ್ಸಲ್ಲಿ ಒಂದು ಗಲಾಟೆನೇ ಆಯ್ತು. ಗೇಟಿಂದ ಉದ್ದಕ್ಕೆ ನಡೀಬೇಕು, ಆಮೇಲೆ ಜಗತಿಗೆ ಹತ್ತೋ ಮೆಟ್ಟಿಲು ಕಡಿದಾಗಿದೆ, ಮೊಣಕಾಲು ನೋವಿರೋರು ಯೋಚನೆ ಮಾಡಿ. ಹತ್ತಿ ಒಳಗೆ ಹೋದ್ರೆ ಮಾತ್ರ ಬೇರೆ ಲೋಕ. ದಪ್ಪ ಗೋಡೆ, ಎತ್ತರದ ಗುಮ್ಮಟ, ಕಲ್ಲಿನ ಜಾಲಂದ್ರದಿಂದ ಬರೋ ಬೆಳಕು, ಹೊರಗಿನ ಬಿಸಿಲು ಒಳಗೆ ಗೊತ್ತೇ ಆಗಲ್ಲ. ತಾಜ್ ಮಹಲ್‌ಗಿಂತ ಸುಮಾರು 80 ವರ್ಷ ಮುಂಚಿಂದು, ಕಟ್ಟಿಸಿದ್ದು ಹುಮಾಯೂನನ ಹೆಂಡ್ತಿ. ಅತ್ತೆ ಅಲ್ಲೇ ಗೋಡೆಗೆ ಒರಗಿ ಕೂತು 'ನೀವು ನೋಡ್ಕೊಂಡ್ ಬನ್ನಿ, ನಾನು ಇವ್ರ ಜೊತೇಲೇ ಇರ್ತೀನಿ, ತಣ್ಣಗಿದೆ' ಅಂದ್ರು. ಇವ್ರು ಅಂದ್ರೆ ಹುಮಾಯೂನ್!

ಕೆಂಪು ಕೋಟೆ? ಬ್ರೋಷರಲ್ಲಿ ದಪ್ಪಕ್ಷರದಲ್ಲಿದೆ. ಸೋಮವಾರ ರಜೆ. ಯಾವ ರೈಲು ಯಾವ ದಿನ ಸೇರುತ್ತೆ ಅಂತ ತಿಂಗಳುಗಟ್ಲೆ ಮುಂಚೆ ಗೊತ್ತಿದ್ದವ್ರಿಗೆ ಇದು ಗೊತ್ತಿರ್ಲಿಲ್ವಾ? ಬಸ್ಸಿಂದ 'ಔಟ್‌ಸೈಡ್ ವ್ಯೂ' ತೋರಿಸಿದ್ರು, ಟ್ರಾಫಿಕ್ಕಲ್ಲಿ ಮುಕ್ಕಾಲು ಗಂಟೆ ಹೋಯ್ತು, ಎಡಗಡೆ ಸೀಟಿನವ್ರಿಗೆ ಅದೂ ಕಾಣ್ಲಿಲ್ಲ. ನೀವು ಬುಕ್ ಮಾಡೋ ಮುಂಚೆ ಬ್ರೋಷರಲ್ಲಿರೋ ಜಾಗದ ಪಕ್ಕ ವಾರ ಬರೆದು ನೋಡಿ, ತಾಜ್ ಶುಕ್ರವಾರ ರಜೆ, ಕೆಂಪು ಕೋಟೆ, ಲೋಟಸ್ ಟೆಂಪಲ್ ಸೋಮವಾರ.

ಸಂಜೆ ಇಂಡಿಯಾ ಗೇಟ್ ಚೆನ್ನಾಗಿತ್ತು, ಬಿಸಿಲು ಇಳಿದಿತ್ತು, ಎಲ್ರೂ ಕುಲ್ಫಿ ತಿಂದ್ವಿ. ಅಲ್ಲಿ ಛತ್ರಿ ಅಂತಾರಲ್ಲ, ಆ ಕಲ್ಲಿನ ಮಂಟಪದ ಕೆಳಗಿರೋ ನೇತಾಜಿ ಪ್ರತಿಮೆ ಕೆತ್ತಿದ್ದು ನಮ್ಮ ಮೈಸೂರಿನ ಅರುಣ್ ಯೋಗಿರಾಜ್, 28 ಅಡಿ ಗ್ರಾನೈಟು, 2022ರಲ್ಲಿ ನಿಲ್ಲಿಸಿದ್ದು. ಕನ್ನಡದ ಮ್ಯಾನೇಜರ್ ಅಂತ ದುಡ್ಡು ತಗೊಂಡವ್ರು ಇದನ್ನೂ ಹೇಳ್ಲಿಲ್ಲ, ಗುಂಪಲ್ಲಿದ್ದ ರಿಟೈರ್ಡ್ ಟೀಚರ್ ಒಬ್ರು ಹೇಳಿದ್ದು, ಆಮೇಲೆ ಎಲ್ರೂ ಅಲ್ಲೇ ನಿಂತು ಫೋಟೋ.

ರಾತ್ರಿ ರೂಮಿಗೆ ಬಂದಾಗ ಇಬ್ರಿಗೆ ವಾಂತಿ, ಅತ್ತೆ ಕಾಲಲ್ಲಿ ಸೆಳೆತ. ಊಟ ಆದ್ಮೇಲೆ ಏಳೆಂಟು ಜನ ಸೇರಿ ಮ್ಯಾನೇಜರ್‌ನ ಕೂರಿಸ್ಕೊಂಡು ಮಾತಾಡಿದ್ವಿ, ಜಗಳ ಏನಿಲ್ಲ, ಬೆಳಗ್ಗೆ ಬೇಗ ಕರ್ಕೊಂಡೋಗಿ, ಹನ್ನೊಂದರಿಂದ ನಾಲ್ಕು ರೂಮಲ್ಲಿ ಬಿಡಿ, ಸಂಜೆ ಮತ್ತೆ ಹೊರಡೋಣ, ಓಆರ್‌ಎಸ್ ಪ್ಯಾಕೆಟ್ ತರಿಸಿ ಅಂತ. ಆ ಹುಡುಗ ಪಾಪ ತಲೆ ಆಡಿಸ್ದ. 'ಆಫೀಸಿಂದ ಕೊಟ್ಟ ಲಿಸ್ಟ್ ಸಾರ್, ಡಿಸೆಂಬರ್‌ಗೂ ಇದೇ ಲಿಸ್ಟು ಮೇಗೂ ಇದೇ' ಅಂದ. ಅಲ್ಲಿಗೆ ನಂಗೆ ಎಲ್ಲ ಅರ್ಥ ಆಯ್ತು.

ಮಾರನೇ ದಿನ 6.15ಕ್ಕೆ ಬಸ್ಸು ಹೊರಡ್ತು, ಭಟ್ರು ನಾಲ್ಕಕ್ಕೇ ಎದ್ದು ಇಡ್ಲಿ ಪ್ಯಾಕ್ ಮಾಡಿದ್ರು. ಅಲ್ಲಿಂದ ಮುಂದೆ ಟೂರ್ ನಿಜವಾಗ್ಲೂ ಚೆನ್ನಾಗಾಯ್ತು. ಹಂಗಾಗಿ ಐದಕ್ಕೆ ಮೂರು ಸ್ಟಾರ್ ಕೊಡ್ತಿದೀನಿ, ಅದ್ರಲ್ಲಿ ಎರಡು ಭಟ್ರದ್ದು.